ಮಕ್ಕಳ ಅನ್ನ, ಮಕ್ಕಳ ಆಟ: ನಮ್ಮ ಸೀಮೆಯಲ್ಲಿ ಇರುವುದೆಷ್ಟು, ಸಲ್ಲುತ್ತಿರುವುದೆಷ್ಟು

ದೀಪಾವಳಿ ಕಳೆದೊಡನೆ ಶಿಕಾರಿಪುರ, ಸೊರಬ, ಹಾನಗಲ್ಲ ಸೀಮೆಯ ಊರುಗಳಲ್ಲಿ ಹೋರಿ ಬೆದರಿಸುವ ಹಬ್ಬ ಆರಂಭವಾಗುತ್ತದೆ. ಆ ಹಬ್ಬದ ಹೋರಿಯನ್ನು ನಮ್ಮ ರೈತರು ಸಾಕುವ ಬಗೆಯನ್ನು ಕಂಡವರೇ ಬಲ್ಲರು. ತಿಂಗಳುಗಟ್ಟಲೆ ಮೊದಲಿನಿಂದ ಅದಕ್ಕೆ ನೆನೆಸಿದ ಹುರುಳಿ, ಹತ್ತಿಕಾಳು, ಹಿಂಡಿ. ದಿನವೂ ನಡೆಸುವುದು, ಓಡಿಸುವುದು, ಕೆರೆಗೆ ಇಳಿಸಿ ಈಜಿಸುವುದು. ಕಾಳಿನಿಂದ ಬಲ, ಓಟದಿಂದ ಕಸುವು ಎಂಬುದನ್ನು ಅವರಿಗೆ ಯಾರೂ ಉಪನ್ಯಾಸ ಮಾಡಿ ತಿಳಿಸಬೇಕಾಗಿಲ್ಲ. ಆದರೆ ಅದೇ ಮನೆಯ ಮಗು ಬೆಳಿಗ್ಗೆ ಅಂಗಡಿಯ ಮುಂದೆ ನಿಂತು ಐದು ರೂಪಾಯಿಯ ಚಿಪ್ಸ್ ಪೊಟ್ಟಣ ಹಿಡಿದು ಶಾಲೆಯ ವಾಹನ ಹತ್ತುತ್ತದೆ. ಸಂಜೆ ಬಂದು ಮೊಬೈಲ್ ಹಿಡಿದು ಕೂರುತ್ತದೆ. ಹೋರಿಯ ವಿಷಯದಲ್ಲಿ ಇರುವ ತಿಳಿವಳಿಕೆ ಮಗುವಿನ ವಿಷಯದಲ್ಲಿ ಎಲ್ಲಿ ಜಾರಿಹೋಯಿತು ಎಂಬುದೇ ವಿಚಾರಣೀಯವಾದ ಸಂಗತಿ.

ಶ್ರೀಮಠಕ್ಕೆ ಬರುವ ತಾಯಂದಿರು ಈಚೆಗೆ ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ: “ಶಾಲೆಯಲ್ಲಿ ಮೊಟ್ಟೆ ಕೊಡುತ್ತಾರೆ, ನಮ್ಮ ಮಕ್ಕಳು ತಿನ್ನುವುದಿಲ್ಲ, ಬಾಳೆಹಣ್ಣು ತಿನ್ನುತ್ತಾರೆ. ಅಷ್ಟು ಸಾಕಲ್ಲವೇ?” ಈ ಪ್ರಶ್ನೆಗೆ ನೇರವಾದ ಉತ್ತರ ಕೊಡುವುದು ಈ ಲೇಖನದ ಮುಖ್ಯ ಉದ್ದೇಶ. ಉತ್ತರ ‘ಸಾಲದು’ ಎಂಬುದು. ಏಕೆ ಸಾಲದು, ಏನು ಮಾಡಬಹುದು, ಅದಕ್ಕೆ ಬೇಕಾದ ಸಾಧನಗಳು ನಮ್ಮ ಊರಿನಲ್ಲಿಯೇ ಎಷ್ಟರಮಟ್ಟಿಗೆ ಇವೆ ಎಂಬುದನ್ನು ಮುಂದೆ ವಿವರಿಸಲಾಗಿದೆ.

ಮೊದಲು ನಮಗೆ ದೊರೆತಿರುವುದನ್ನು ನೋಡೋಣ. ಬಿಸಿಯೂಟದ ಯೋಜನೆಗೆ ನಮ್ಮ ರಾಜ್ಯದಲ್ಲಿ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟಿರುವುದು ಶರಣ ಪರಂಪರೆಗೆ ಸಂದ ಗೌರವ. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು ಸರ್ಕಾರಿ ಹಾಗೂ ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. 2002ರಲ್ಲಿ ನಮ್ಮ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾದ ಬಿಸಿಯೂಟ ಅನಂತರ ಉಳಿದೆಡೆಗೂ ವಿಸ್ತರಿಸಿತು. ಇದರ ಅಳತೆಯನ್ನು ಪಾಲಕರು ನೆನಪಿನಲ್ಲಿಡಬೇಕು. ಒಂದರಿಂದ ಐದನೆಯ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರರಿಂದ ಎಂಟನೆಯ ತರಗತಿಯವರಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ. ಚಿಕ್ಕವರಿಗೆ 12 ಗ್ರಾಂ, ದೊಡ್ಡವರಿಗೆ 20 ಗ್ರಾಂ ಪ್ರೋಟೀನು ಈ ಊಟದಿಂದ ದೊರೆಯಬೇಕೆಂಬುದು ಲೆಕ್ಕ. ಇದು ಭಿಕ್ಷೆಯಲ್ಲ, ಮಗುವಿನ ಹಕ್ಕು. ಸಾರಿನಲ್ಲಿ ಬೇಳೆ ಕಾಣಿಸದಿದ್ದರೆ ಕೇಳುವ ಅಧಿಕಾರ ಶಾಲಾಭಿವೃದ್ಧಿ ಸಮಿತಿಗೂ ಪಾಲಕರಿಗೂ ಉಂಟು. ಬಡಿಸುವ ಮೊದಲು ಶಿಕ್ಷಕರೂ ತಾಯಂದಿರೂ ಅಡುಗೆಯ ರುಚಿ ನೋಡಬೇಕೆಂಬ ನಿಯಮವಿದ್ದರೂ, ರುಚಿ ನೋಡಲು ಹೋಗುವ ತಾಯಂದಿರು ಬೆರಳೆಣಿಕೆಯಷ್ಟು.

2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ 18 ಗ್ರಾಂ ಹಾಲಿನ ಪುಡಿಯಿಂದ ತಯಾರಿಸಿದ 150 ಮಿಲಿಲೀಟರ್ ಹಾಲು ದೊರೆಯುತ್ತದೆ. 2024ರಿಂದ ವಾರಕ್ಕೆ ಮೂರು ದಿನ ಅದರಲ್ಲಿ ರಾಗಿಯ ಮಿಶ್ರಣವೂ ಸೇರಿದೆ. ರಾಗಿಯ ಬಗ್ಗೆ ವಿಶೇಷವಾಗಿ ಹೇಳಬೇಕಾಗಿಲ್ಲ. ನೂರು ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ಇನ್ನೊಂದು ಧಾನ್ಯ ನಮ್ಮ ಅಡುಗೆಮನೆಯಲ್ಲಿಲ್ಲ.

ಇನ್ನು ಮೊಟ್ಟೆಯ ವಿಷಯ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿಯೂ ವಿಜಯಪುರದಲ್ಲಿಯೂ ಅಪೌಷ್ಟಿಕತೆ ಹೆಚ್ಚಿದೆಯೆಂಬ ಕಾರಣಕ್ಕೆ ಶಾಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ಹಲವು ಮಠಾಧೀಶರು ವಿರೋಧಿಸಿದ್ದು ಎಲ್ಲರಿಗೂ ತಿಳಿದಿದೆ. ಮುಂದೆ ಅದು ಇಡೀ ರಾಜ್ಯಕ್ಕೆ ವಿಸ್ತರಿಸಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರದ ಆರು ದಿನವೂ ಮೊಟ್ಟೆ ಕೊಡುವ ವ್ಯವಸ್ಥೆ ಬಂದಿತು. 2023ರ ಮೇ ತಿಂಗಳಲ್ಲಿ ಶಾಲಾ ಶಿಕ್ಷಣ ಸಚಿವರಾದ ಶ್ರೀ ಮಧು ಬಂಗಾರಪ್ಪನವರು ಸೊರಬ ಕ್ಷೇತ್ರದವರೇ ಆದುದರಿಂದ ನಮ್ಮ ಸೀಮೆಯಲ್ಲಿ ಈ ವಿಷಯ ಇನ್ನಷ್ಟು ಚರ್ಚೆಗೆ ಒಳಗಾಯಿತು. ಮಂಡ್ಯ ತಾಲ್ಲೂಕಿನ ಆಲಕೆರೆಯಲ್ಲಂತೂ 2025ರಲ್ಲಿ ಶಾಲೆಯೊಳಗೆ ಮೊಟ್ಟೆ ಬೇಯಿಸಬಾರದೆಂದು ಹಟ ಹಿಡಿದ ಪಾಲಕರು ಹಲವು ಮಕ್ಕಳನ್ನು ಆ ಶಾಲೆಯಿಂದಲೇ ಬಿಡಿಸಿಕೊಂಡರು.

ಮೊಟ್ಟೆ ತಿನ್ನುವುದು ತಿನ್ನದಿರುವುದು ಅವರವರ ಮನೆಯ ಆಚಾರಕ್ಕೆ ಬಿಟ್ಟದ್ದು. ನಮ್ಮ ಮನೆಯಲ್ಲಿ ತಿನ್ನುವುದಿಲ್ಲವೆಂಬ ಕಾರಣಕ್ಕೆ ಪಕ್ಕದ ಮನೆಯ ಮಗುವಿನ ತಟ್ಟೆಯಿಂದ ಅದನ್ನು ತೆಗೆಸಬೇಕೆಂದು ಹೊರಡುವುದು ದಾಸೋಹದ ಭಾವಕ್ಕೆ ಹೊಂದುವ ಮಾತಲ್ಲವೆಂಬುದು ಈ ಲೇಖಕನ ನಮ್ರ ಅಭಿಪ್ರಾಯ. ಆ ಮಗುವಿಗೆ ಅದೇ ದಿನದ ಮುಖ್ಯ ಪೌಷ್ಟಿಕಾಂಶವಾಗಿರಬಹುದು. ಹಾಗೆಯೇ ಮೊಟ್ಟೆ ತಿನ್ನುವ ಮಕ್ಕಳನ್ನು ಒಂದು ಸಾಲಿನಲ್ಲಿ, ತಿನ್ನದವರನ್ನು ಇನ್ನೊಂದು ಸಾಲಿನಲ್ಲಿ ಕೂರಿಸಬೇಕೆಂದು ಕೇಳುವವರೂ ಇದ್ದಾರೆ. ಪಂಕ್ತಿಭೇದವನ್ನು ಮುರಿಯಲೆಂದೇ ಹುಟ್ಟಿದ ಪರಂಪರೆಯವರು ಶಾಲೆಯ ಅಂಗಳದಲ್ಲಿ ಅದನ್ನು ಪುನಃ ಹೂಡಲು ಕೇಳಬಾರದು. ಅಲ್ಲಮಪ್ರಭುಗಳ ಬಳ್ಳಿಗಾವಿಯೂ ಅಕ್ಕಮಹಾದೇವಿಯ ಉಡುತಡಿಯೂ ಶಿಕಾರಿಪುರ ತಾಲ್ಲೂಕಿನಲ್ಲಿಯೇ ಇವೆ ಎಂಬುದನ್ನು ಇಲ್ಲಿ ನೆನಪಿಸಿದರೆ ತಪ್ಪಾಗಲಾರದು.

ಆದರೆ ವಿರೋಧವನ್ನು ಬಿಟ್ಟೊಡನೆ ನಮ್ಮ ಹೊಣೆ ಮುಗಿಯುವುದಿಲ್ಲ. ನಿಜವಾಗಿ ಅಲ್ಲಿಂದಲೇ ಆರಂಭವಾಗುತ್ತದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಉತ್ತಮ ದರ್ಜೆಯ ಪ್ರೋಟೀನು ಇದೆ. ಬಿ-12 ಮತ್ತು ಎ ಜೀವಸತ್ವಗಳಿವೆ. ಬಾಳೆಹಣ್ಣು ಒಳ್ಳೆಯ ಹಣ್ಣು, ಹಸಿವನ್ನು ತಕ್ಷಣ ತಣಿಸುತ್ತದೆ, ಪೊಟ್ಯಾಸಿಯಂ ಕೊಡುತ್ತದೆ. ಆದರೆ ಎರಡು ಸಣ್ಣ ಬಾಳೆಹಣ್ಣು ಸೇರಿದರೂ ಪ್ರೋಟೀನು ಎರಡು ಗ್ರಾಂ ದಾಟುವುದಿಲ್ಲ, ಬಿ-12 ಅದರಲ್ಲಿ ಇಲ್ಲವೇ ಇಲ್ಲ. ಹಿಂದೆ ಮೂರನೆಯ ಆಯ್ಕೆಯಾಗಿದ್ದ ಶೇಂಗಾ ಚಿಕ್ಕಿಯನ್ನು ಗುಣಮಟ್ಟ ಹಾಗೂ ಸಕ್ಕರೆಯ ಕಾರಣ ಕೊಟ್ಟು 2025ರಲ್ಲಿ ಇಲಾಖೆ ನಿಲ್ಲಿಸಿತು. ಹಾಗಾಗಿ ಮೊಟ್ಟೆ ತಿನ್ನದ ಮಗುವಿಗೆ ಉಳಿದದ್ದು ಬಾಳೆಹಣ್ಣು ಒಂದೇ. ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಬೇಕಾದ ಪ್ರೋಟೀನು ಸುಮಾರು 23 ಗ್ರಾಂ ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಲೆಕ್ಕ. ವಾರಕ್ಕೆ ಆರು ದಿನ ಇದರ ಕಾಲು ಭಾಗ ಒಬ್ಬ ಮಗುವಿಗೆ ದೊರೆತು, ಪಕ್ಕದಲ್ಲಿ ಕುಳಿತ ಇನ್ನೊಂದು ಮಗುವಿಗೆ ದೊರೆಯದಿದ್ದರೆ, ವರ್ಷಗಳ ಮೇಲೆ ಆ ಅಂತರ ಮೈಯಲ್ಲಿ ಕಾಣಿಸದೆ ಇರುವುದಿಲ್ಲ. ಆಚಾರವನ್ನು ನಾವು ಉಳಿಸಿಕೊಂಡು, ಅದರ ಬೆಲೆಯನ್ನು ಮಗು ತೆರುವಂತಾಗಬಾರದು.

ಈ ಕೊರತೆಯನ್ನು ತುಂಬುವುದು ಕಷ್ಟವಲ್ಲ, ದುಬಾರಿಯೂ ಅಲ್ಲ. ಇಪ್ಪತ್ತೈದು ಗ್ರಾಂ ಶೇಂಗಾ, ಎಂದರೆ ಮಗುವಿನ ಒಂದು ಹಿಡಿ, ಸುಮಾರು 6 ಗ್ರಾಂ ಪ್ರೋಟೀನು ಕೊಡುತ್ತದೆ. ಅಷ್ಟೇ ತೂಕದ ಹೆಸರುಕಾಳು ಅಥವಾ ಹುರುಳಿಕಾಳು ಹೆಚ್ಚುಕಡಿಮೆ ಅಷ್ಟೇ ಕೊಡುತ್ತದೆ. ಮೊಳಕೆ ಬರಿಸಿದರೆ ಜೀರ್ಣವಾಗುವುದೂ ಸುಲಭ. ಹೋರಿಗೆ ನೆನೆಸುವ ಪಾತ್ರೆಯಲ್ಲಿ ಮಗುವಿಗೂ ಒಂದು ಹಿಡಿ ನೆನೆಸಿದರಾಯಿತು ಎಂದು ನಮ್ಮ ಹಿರಿಯ ಭಕ್ತರೊಬ್ಬರು ತಮಾಷೆಗೆ ಹೇಳುವುದುಂಟು; ಪಾತ್ರೆ ಬೇರೆ ಇರಲಿ, ಮಾತು ಸರಿಯಾಗಿದೆ. ಆದರೆ ಶೇಂಗಾದಲ್ಲಾಗಲಿ ಹುರುಳಿಯಲ್ಲಾಗಲಿ ಬಿ-12 ದೊರೆಯುವುದಿಲ್ಲವಾದುದರಿಂದ ಮೊಟ್ಟೆ ತಿನ್ನದ ಮಗು ಹಾಲು, ಮೊಸರು, ಮಜ್ಜಿಗೆಯನ್ನು ತಪ್ಪಿಸಲೇಬಾರದು. ಶಾಲೆಯ ಹಾಲನ್ನು ‘ಪುಡಿಯ ಹಾಲು’ ಎಂದು ಮೂಗು ಮುರಿದು ಚೆಲ್ಲುವ ಮಕ್ಕಳಿಗೆ ಮನೆಯಲ್ಲಿ ಹೇಳಬೇಕಾದವರು ತಾಯಂದಿರೇ.

ಲೆಕ್ಕ ಹಾಕಿ ನೋಡಿ. ಅರವತ್ತು ಮಕ್ಕಳ ಶಾಲೆಯಲ್ಲಿ ಇಪ್ಪತ್ತು ಮಕ್ಕಳು ಮೊಟ್ಟೆ ತಿನ್ನದವರೆಂದು ಇಟ್ಟುಕೊಳ್ಳೋಣ. ಅವರಿಗೆ ದಿನಕ್ಕೆ ಅರ್ಧ ಕಿಲೋ ಶೇಂಗಾ ಅಥವಾ ಕಾಳು, ವಾರಕ್ಕೆ ಮೂರು ಕಿಲೋ. ಒಂದು ಊರಿನ ಐವತ್ತು ಮನೆಗಳಿಗೆ ಇದು ಹೊರೆಯೇ? ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಣ ಹಳ್ಳಿಗಳವರು ಲಕ್ಷಗಟ್ಟಲೆ ಜೋಳದ ರೊಟ್ಟಿ ಸುಟ್ಟು ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ತಂದೊಪ್ಪಿಸುವುದನ್ನು ನಾವೆಲ್ಲ ಬಲ್ಲೆವು. ಅಂಥದೇ ಭಕ್ತಿಯನ್ನು ವರ್ಷಕ್ಕೊಂದು ದಿನದ ಬದಲು ವಾರಕ್ಕೊಂದು ದಿನ, ರೊಟ್ಟಿಯ ಬದಲು ಕಾಳಿನಲ್ಲಿ ತೋರಿಸಬಹುದು. ಊರವರು ಮಕ್ಕಳ ಊಟಕ್ಕೆ ಹುಟ್ಟುಹಬ್ಬ, ಹಬ್ಬಹರಿದಿನಗಳಂದು ಏನಾದರೂ ಸೇರಿಸಿ ಬಡಿಸಲು ಕೇಂದ್ರದ ಯೋಜನೆಯಲ್ಲಿಯೇ ಅವಕಾಶವಿದೆ. ಗುಜರಾತಿನಲ್ಲಿ ಹುಟ್ಟಿದ ಈ ಪದ್ಧತಿಗೆ ‘ತಿಥಿ ಭೋಜನ’ವೆಂದು ಹೆಸರು. ನಮ್ಮ ಕಡೆ ತಿಥಿಯೆಂದರೆ ಬೇರೆಯದೇ ಅರ್ಥ ಬರುವುದರಿಂದ ಹುಟ್ಟುಹಬ್ಬಕ್ಕೆ ಆ ಹೆಸರು ಹೇಳಿದರೆ ಅಜ್ಜಿಯರು ಬೈದಾರು. ದಾಸೋಹವೆಂಬ ನಮ್ಮ ಮಾತೇ ಇದೆಯಲ್ಲ.

ಇದರಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಏನನ್ನೇ ಕೊಡುವುದಿದ್ದರೂ ಮುಖ್ಯೋಪಾಧ್ಯಾಯರ ಹಾಗೂ ಶಾಲಾಭಿವೃದ್ಧಿ ಸಮಿತಿಯ ಒಪ್ಪಿಗೆ ಪಡೆದು, ಎಲ್ಲ ಮಕ್ಕಳಿಗೂ ತಿನ್ನಲು ಅವಕಾಶವಿರುವಂತೆ ಕೊಡಬೇಕು. ‘ಇದು ನಮ್ಮ ಮಕ್ಕಳಿಗೆ ಮಾತ್ರ’ ಎಂಬ ಮಾತು ಶಾಲೆಯ ಬಾಗಿಲು ದಾಟಬಾರದು. ಎರಡನೆಯದು, ಬೂಸ್ಟು ಹಿಡಿದ ಶೇಂಗಾ ವಿಷಕ್ಕೆ ಸಮ. ಮಳೆಗಾಲದಲ್ಲಿ ನಮ್ಮ ಮಲೆನಾಡಿನ ಅಂಚಿನ ಊರುಗಳಲ್ಲಿ ಕಾಳು ಬೇಗನೆ ತೇವ ಹಿಡಿಯುತ್ತದೆ. ಆಗ ಹುರಿದಿಟ್ಟುಕೊಳ್ಳುವುದು, ಸ್ವಲ್ಪಸ್ವಲ್ಪವೇ ತರುವುದು ಮೇಲು. ಅಂಗನವಾಡಿಯ ಎಳೆಯ ಮಕ್ಕಳಿಗೆ ಇಡೀ ಶೇಂಗಾ ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಕೊಡಬೇಕು. ಶೇಂಗಾ ಒಗ್ಗದ ಮಕ್ಕಳೂ ಅಪರೂಪವಾಗಿ ಇರುತ್ತಾರೆ. ಪಾಲಕರನ್ನು ಕೇಳಿಯೇ ಆರಂಭಿಸಬೇಕು.

ಅಂಗನವಾಡಿಯ ವಯಸ್ಸಿನ ಮಕ್ಕಳನ್ನು ಇಲ್ಲಿ ಮರೆಯುವಂತಿಲ್ಲ. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಆರು ತಿಂಗಳಿಂದ ಐದು ವರ್ಷದೊಳಗಿನವರಲ್ಲಿ ನೂರಕ್ಕೆ 65 ಮಕ್ಕಳು ರಕ್ತಹೀನತೆಯುಳ್ಳವರು. ಇದು ಇಡೀ ರಾಜ್ಯದ ಚಿತ್ರ, ನಮ್ಮ ಊರು ಬೇರೆಯೆಂದು ಸಮಾಧಾನ ಪಟ್ಟುಕೊಳ್ಳುವ ಮೊದಲು ಅಂಗನವಾಡಿಯಲ್ಲಿ ನಮ್ಮ ಮಗುವಿನ ತೂಕ, ಎತ್ತರವನ್ನು ಬರೆದಿಟ್ಟ ಕಾರ್ಡನ್ನು ಒಮ್ಮೆ ಕೇಳಿ ನೋಡಬೇಕು.

ಮನೆಯ ಹಿತ್ತಿಲಿನ ಮಾತು ಇಲ್ಲಿ ಬರಲೇಬೇಕು. ನಮ್ಮ ಎರಡೂ ತಾಲ್ಲೂಕುಗಳಲ್ಲಿ ಭತ್ತ, ಮೆಕ್ಕೆಜೋಳಗಳ ನೆಲ ಅಡಿಕೆಯ ತೋಟವಾಗುತ್ತಿದೆ. ರೈತನಿಗೆ ನಾಲ್ಕು ಕಾಸು ಬಂದರೆ ಯಾರಿಗೂ ಹೊಟ್ಟೆಯುರಿಯಿಲ್ಲ. ಆದರೆ ಮೆಕ್ಕೆಜೋಳ ಲಾರಿ ಹತ್ತಿ ಕೋಳಿಯ ಆಹಾರಕ್ಕೆ ಹೋಗುತ್ತದೆ, ಅಡಿಕೆ ಮಂಡಿಗೆ ಹೋಗುತ್ತದೆ; ಎರಡೂ ಮಗುವಿನ ತಟ್ಟೆಗೆ ಬರುವುದಿಲ್ಲ. ಹಿಂದೆ ಗದ್ದೆಯ ಬದುವಿನಲ್ಲಿ ಉದ್ದು, ಅಲಸಂದೆ, ಹಿತ್ತಿಲಲ್ಲಿ ಬಸಳೆ, ನುಗ್ಗೆ, ಪಪ್ಪಾಯಿ, ಹಲಸು ತಾನಾಗಿಯೇ ಇರುತ್ತಿದ್ದವು. ಇಂದು ಅಂಗಳದ ತನಕ ಅಡಿಕೆ ಸಸಿ ನೆಟ್ಟು, ಸೊಪ್ಪನ್ನು ಶಿರಾಳಕೊಪ್ಪದ ಸಂತೆಯಿಂದ ತರುವವರಿದ್ದಾರೆ. ಒಂದು ನುಗ್ಗೆಮರಕ್ಕೆ ಬೇಕಾದ ಜಾಗ ಎಷ್ಟು? ಅದರ ಸೊಪ್ಪಿನಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಎರಡೂ ಹೇರಳ. ಹಲಸಿನ ಬೀಜವನ್ನು ಒಣಗಿಸಿ ಮಳೆಗಾಲಕ್ಕೆ ಕಾಪಿಡುತ್ತಿದ್ದ ತಾಯಂದಿರ ಜಾಣ್ಮೆಯನ್ನು ಅವರ ಮೊಮ್ಮಕ್ಕಳು ಕಲಿತರೆ ಸಾಕು. ಶಾಲೆಯ ಅಂಗಳದಲ್ಲಿಯೂ ಪೌಷ್ಟಿಕ ಕೈತೋಟ ಮಾಡಲು ಬಿಸಿಯೂಟ ಯೋಜನೆಯೇ ಪ್ರೋತ್ಸಾಹಿಸುತ್ತದೆ. ನೀರಿನ ವ್ಯವಸ್ಥೆ ಮತ್ತು ಬೇಸಿಗೆ ರಜೆಯಲ್ಲಿ ನೋಡಿಕೊಳ್ಳುವವರು ಇಲ್ಲದೆ ಅವು ಒಣಗುತ್ತವೆ, ಅಷ್ಟೆ. ಈ ಎರಡು ತಿಂಗಳ ನೀರು ಹಾಕುವ ಕೆಲಸವನ್ನು ಯುವಕ ಮಂಡಲವೊಂದು ವಹಿಸಿಕೊಂಡರೆ ಎಷ್ಟೋ ತೋಟಗಳು ಉಳಿದಾವು.

ಬೇಡದ ಆಹಾರದ ವಿಷಯವನ್ನು ದೀರ್ಘವಾಗಿ ಬರೆಯುವುದಿಲ್ಲ. ಕೊಬ್ಬು, ಉಪ್ಪು, ಸಕ್ಕರೆ ಅಧಿಕವಾಗಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಿಯೂ ಅದರ ಗೇಟಿನಿಂದ 50 ಮೀಟರ್ ಒಳಗೂ ಮಾರಬಾರದೆಂದು 2020ರ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗಳಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಆದರೂ ಜಾತ್ರೆಗಳಲ್ಲಿ ಕೆಂಪು, ಗುಲಾಬಿ ಬಣ್ಣಗಳು ಮಿಂಚುತ್ತಲೇ ಇರುತ್ತವೆ. ಜಾತ್ರೆಯ ಅಂಗಡಿ ಜಾಗ ಹರಾಜು ಹಾಕುವ ಸಮಿತಿಗಳಲ್ಲಿ ನಮ್ಮವರೇ ಇರುತ್ತಾರಲ್ಲ, ಕರಾರಿನಲ್ಲಿ ಒಂದು ಸಾಲು ಸೇರಿಸುವುದಕ್ಕೆ ಯಾವ ಖರ್ಚೂ ಇಲ್ಲ. ಮಠಗಳ ದಾಸೋಹದಲ್ಲಿಯೂ ಬೂಂದಿ, ಲಾಡು, ಹುಗ್ಗಿಗಳ ಜೊತೆಗೆ ಒಂದು ಕೋಸಂಬರಿ, ಒಂದು ಸೊಪ್ಪಿನ ಪಲ್ಯ ಕಡ್ಡಾಯವಾಗಲಿ.

ಇನ್ನು ಆಟ. ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ಶಾಲೆಗೆ ಎರಡು ಮೈಲಿ ನಡೆದು ಹೋಗಿ ಬರುತ್ತಿದ್ದ ಕಾಲದಲ್ಲಿ ಇದನ್ನು ಯಾರೂ ಹೇಳಬೇಕಾಗಿರಲಿಲ್ಲ. ಶಿಕಾರಿಪುರದವರೇ ಆದ ಶ್ರೀ ಬಿ.ಎಸ್. ಯಡಿಯೂರಪ್ಪನವರು ಉಪಮುಖ್ಯಮಂತ್ರಿಗಳಾಗಿ ಹಣಕಾಸು ಖಾತೆ ನೋಡುತ್ತಿದ್ದಾಗ, 2006–07ರಲ್ಲಿ, ಪ್ರೌಢಶಾಲೆಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂದಿತು. ಸಾಲುಸಾಲಾಗಿ ಸೈಕಲ್ ತುಳಿದು ಹೋಗುವ ಹೆಣ್ಣುಮಕ್ಕಳು ಹಳ್ಳಿಯ ರಸ್ತೆಗೆ ಹೊಸ ಕಳೆ ತಂದಿದ್ದರು. ಕೋವಿಡ್ ಬಂದ ಮೇಲೆ ಆ ವಿತರಣೆ ನಿಂತಿತು. ಹಳೆಯ ಸೈಕಲ್ಲುಗಳು ಎಷ್ಟೋ ಮನೆಗಳ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ಒರಗಿವೆ. ಟಯರು, ಚೈನು ಬದಲಿಸಿದರೆ ಓಡುವಂಥವು.

ಆಟಕ್ಕೆ ಜಾಗವಿಲ್ಲವೆಂಬ ದೂರು ನಮ್ಮ ಸೀಮೆಯಲ್ಲಿ ಪೂರ್ತಿ ನಿಜವಲ್ಲ. ಕೆರೆಗಳ ನಾಡಿದು, ಕೆರೆಯಂಗಳ, ಶಾಲೆಯ ಮೈದಾನ, ಗುಡಿಯ ಮುಂದಣ ಬಯಲು, ಮಠದ ಅಂಗಳ ಇದ್ದೇ ಇವೆ. ಕೊರತೆ ಇರುವುದು ಆಡಿಸುವವರದು. ಅನೇಕ ಪ್ರಾಥಮಿಕ ಶಾಲೆಗಳಲ್ಲಿ ದೈಹಿಕ ಶಿಕ್ಷಕರಿಲ್ಲ; ಆಟದ ಅವಧಿ ಗಣಿತಕ್ಕೆ ಸೇರಿಹೋಗುತ್ತದೆ. ಸಂಜೆ ಐದರಿಂದ ಆರರವರೆಗೆ ಶಾಲೆಯ ಗೇಟು ತೆರೆದಿಟ್ಟು ಊರಿನ ಇಬ್ಬರು ಹಿರಿಯರು ಕಟ್ಟೆಯ ಮೇಲೆ ಕುಳಿತಿದ್ದರೆ ಸಾಕು, ಖೋಖೋ, ಕಬಡ್ಡಿ, ಲಗೋರಿ, ಚಿನ್ನಿದಾಂಡುಗಳನ್ನು ಮಕ್ಕಳು ತಾವೇ ಹೂಡಿಕೊಳ್ಳುತ್ತಾರೆ. ಈ ಕಾವಲು ಮುಖ್ಯವಾಗಿ ಹೆಣ್ಣುಮಕ್ಕಳಿಗಾಗಿ ಬೇಕು. ಏಳನೆಯ ತರಗತಿ ದಾಟಿದೊಡನೆ ನಮ್ಮ ಹುಡುಗಿಯರ ಆಟ ನಿಂತುಬಿಡುತ್ತದೆ. ಎಲುಬು ಗಟ್ಟಿಯಾಗುವ ವಯಸ್ಸು ಅದೇ ಎಂಬುದನ್ನು ಪಾಲಕರು ಅರಿಯಬೇಕು. ಅಕ್ಕನ ನಾಡಿನಲ್ಲಿ ಹುಡುಗಿಯರು ಬಯಲಿಗೆ ಬರಲು ಯಾರ ಅಪ್ಪಣೆಯನ್ನು ಕಾಯಬೇಕು?

ಪಾಲಕರ ಭಯಗಳಲ್ಲಿ ಕೆಲವು ನ್ಯಾಯವಾದವೇ. ಮಂಗನ ಕಾಯಿಲೆಗೆ ಹೆಸರು ಕೊಟ್ಟ ಕ್ಯಾಸನೂರು ಕಾಡು ಸೊರಬ ತಾಲ್ಲೂಕಿನದು. 1957ರಲ್ಲಿ ಅಲ್ಲಿಯೇ ಆ ರೋಗ ಮೊದಲು ಗುರುತಿಸಲ್ಪಟ್ಟಿತು. ಕವಳಿ, ನೆಲ್ಲಿ ಹುಡುಕುತ್ತ ಕಾಡಿನ ಅಂಚಿಗೆ ಹೋಗುವುದು ಮಲೆನಾಡಿನ ಮಕ್ಕಳಿಗೆ ಆಟವೂ ಹೌದು ಆಹಾರವೂ ಹೌದು; ಆದರೆ ಉಣ್ಣೆಹುಳುಗಳು ಹೆಚ್ಚುವ ಚಳಿಗಾಲ, ಬೇಸಿಗೆಗಳಲ್ಲಿ, ಅದರಲ್ಲೂ ಮಂಗ ಸತ್ತ ಸುದ್ದಿ ಬಂದ ಕಡೆ, ಮಕ್ಕಳನ್ನು ಕಾಡಿಗೆ ಬಿಡಬಾರದು, ಮಂಗ ಸತ್ತುದನ್ನು ಆರೋಗ್ಯ ಇಲಾಖೆಗೆ ತಕ್ಷಣ ತಿಳಿಸಬೇಕು. ಕೆರೆಯೂ ಹಾಗೆಯೇ. ಈಜು ಬಾರದ ಮಕ್ಕಳು ಹಿರಿಯರಿಲ್ಲದೆ ಕೆರೆಗೆ ಇಳಿದು ಜೀವ ಕಳೆದುಕೊಳ್ಳುವ ಸುದ್ದಿ ಪ್ರತಿ ಬೇಸಿಗೆಯಲ್ಲೂ ಬರುತ್ತದೆ. ಹೋರಿಗೆ ಈಜು ಕಲಿಸುವ ಊರಿನಲ್ಲಿ ಮಕ್ಕಳಿಗೆ ಕಲಿಸುವವರು ಇಲ್ಲದಿಲ್ಲ. ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಈಜು ಕಲಿತ ಹಿರಿಯರು ಇನ್ನೂ ಇದ್ದಾರೆ.

ಶಾಲೆಯ ಊಟ ಶಾಲೆಯ ದಿನಗಳಿಗೆ ಮಾತ್ರ. ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ಕೂಲಿಗೆ ಹೋಗುವ ಮನೆಗಳ ಮಕ್ಕಳು ಮಧ್ಯಾಹ್ನ ಏನು ತಿನ್ನುತ್ತಾರೆಂದು ಯಾರೂ ಕೇಳುವುದಿಲ್ಲ. ಬರಗಾಲದ ಕಾರಣ 2024ರ ಬೇಸಿಗೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ರಜೆಯಲ್ಲಿಯೂ ಬಿಸಿಯೂಟ ನಡೆಯಿತು. ಎಲ್ಲ ವರ್ಷವೂ ಹಾಗಾಗದು. ದಾಸೋಹದ ಒಲೆ ಆರದ ಮಠಗಳು ತಮ್ಮ ಆವರಣದಲ್ಲಿ ರಜೆಯ ಬೆಳಗಿನ ಹೊತ್ತು ಮಕ್ಕಳಿಗೆ ಆಟ, ಈಜು, ವಚನ ಗಾಯನಗಳನ್ನು ಇಟ್ಟುಕೊಂಡು ಮಧ್ಯಾಹ್ನ ಊಟಕ್ಕೆ ಕೂರಿಸಿದರೆ ಈ ಎರಡು ತಿಂಗಳ ಬಿಡುವು ತುಂಬುತ್ತದೆ. ನಡೆದಾಡುವ ದೇವರೆಂದು ನಾವು ಸ್ಮರಿಸುವ ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳು ಲಿಂಗೈಕ್ಯರಾದ ಜನವರಿ 21ನ್ನು ಸರ್ಕಾರವೇ ದಾಸೋಹ ದಿನವೆಂದು ಘೋಷಿಸಿದೆ. ಅಂದು ಸಿಹಿಯೂಟ ಹಾಕಿ ಮುಗಿಸುವ ಬದಲು ಬೇಸಿಗೆಯ ಈ ಏರ್ಪಾಡಿಗೆ ಕಾಳು, ಬೆಲ್ಲ, ರಾಗಿ ಸಂಗ್ರಹಿಸಲು ಆರಂಭಿಸುವುದು ಯೋಗ್ಯ. ಸುಗ್ಗಿಯೂ ಆ ಹೊತ್ತಿಗೆ ಮುಗಿಯುತ್ತ ಬಂದಿರುತ್ತದೆ.

ಕೊನೆಯದಾಗಿ, ಹೆಚ್ಚಿನವರು ಬಳಸದ ಒಂದು ಸಾಧನ. ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಸಾಮಾನ್ಯವಾಗಿ ನವೆಂಬರ್ 14ರ ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ ಇದು ನಡೆಯುತ್ತದೆ. ಅಲ್ಲಿ ಅಧ್ಯಕ್ಷರು, ಅಭಿವೃದ್ಧಿ ಅಧಿಕಾರಿಗಳು ಮಕ್ಕಳ ಮಾತಿಗೆ ಉತ್ತರಿಸಬೇಕು, ನಡಾವಳಿಯಲ್ಲಿ ಬರೆಯಬೇಕು. ಮೈದಾನದ ಒತ್ತುವರಿ, ಕೈತೋಟಕ್ಕೆ ನಲ್ಲಿ, ಗೇಟಿನ ಎದುರಿನ ಅಂಗಡಿ, ಬೇಳೆಯಿಲ್ಲದ ಸಾರು, ಇವನ್ನೆಲ್ಲ ಮಕ್ಕಳೇ ಎದ್ದು ಕೇಳಬಹುದಾದ ಸ್ಥಳ ಅದು. ರಾಜ್ಯದ ಅನೇಕ ಶಾಲೆಗಳು ಆಟದ ಮೈದಾನ, ಕಾಂಪೌಂಡು, ಅಡುಗೆ ಕೋಣೆಗಳನ್ನು ಉದ್ಯೋಗ ಖಾತರಿಯ ಹಣದಿಂದ ಪಡೆದದ್ದು ಇಂಥ ಬೇಡಿಕೆಗಳು ಪಂಚಾಯಿತಿಯ ಕ್ರಿಯಾಯೋಜನೆಗೆ ಸೇರಿದುದರಿಂದಲೇ. ಸಭೆಯ ದಿನಾಂಕವನ್ನು ಮೊದಲೇ ಪಂಚಾಯಿತಿಯಲ್ಲಿ ವಿಚಾರಿಸಿ, ಹಿಂದಿನ ವರ್ಷದ ನಡಾವಳಿಯ ಪ್ರತಿಯನ್ನು ಕೇಳಿ ಪಡೆದು ಮಕ್ಕಳ ಕೈಗೆ ಕೊಡಿ. ಹೋದ ವರ್ಷ ಕೇಳಿದ್ದು ಏನಾಯಿತು ಎಂಬುದೇ ಅವರ ಮೊದಲ ಪ್ರಶ್ನೆಯಾಗಲಿ.